ಕೆಂಡ ತಂದ್ರಿ, ಮಜ್ಜಿಗೆ ಎಲ್ಲಿ?

ಏಪ್ರಿಲ್ ಬಂತು ಅಂದ್ರೆ ಬೆಂಗಳೂರಿನ ಮೊಬೈಲುಗಳಿಗೆ ಎರಡು ಥರದ ಮೆಸೇಜು ಬರೋಕೆ ಶುರುವಾಗುತ್ತವೆ. ಒಂದು ಆಫೀಸಿನಿಂದ. ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಟೀಮ್ ಲಂಚ್, ಅನ್‌ಲಿಮಿಟೆಡ್ ಬಾರ್ಬೆಕ್ಯೂ, ಬೆಳಿಗ್ಗೆ ತಿಂಡಿ ತಿನ್ನದೆ ಬನ್ನಿ, ಕೆಳಗೆ ನಾಲ್ಕು ನಗುವ ಮುಖ. ಇನ್ನೊಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಿಂದ. ಬೇಸಿಗೆಯಲ್ಲಿ ಮಾಂಸ ತಿಂದರೆ ದೇಹದ ಉಷ್ಣ ಏರುತ್ತದೆ, ಪಿತ್ತ ಕೆರಳುತ್ತದೆ, ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ, ಹತ್ತು ಜನಕ್ಕೆ ಕಳಿಸಿ, ಕೆಳಗೆ ನಾಲ್ಕು ಕೈಮುಗಿದ ಚಿತ್ರ.

ಮೊದಲನೆಯದು ಹೊಟ್ಟೆಯನ್ನು ಗೋಡೌನು ಅಂದುಕೊಂಡಿದೆ. ಎರಡನೆಯದು ಹೊಟ್ಟೆಯನ್ನು ದೇವಸ್ಥಾನ ಅಂದುಕೊಂಡಿದೆ. ನನಗೆ ಇಬ್ಬರ ಮೇಲೂ ಸಿಟ್ಟಿದೆ. ಬೇಸಿಗೆಯಲ್ಲಿ ಕೆಂಡದಲ್ಲಿ ಸುಟ್ಟದ್ದು ತಿನ್ನಬಾರದು ಅನ್ನೋದು ಸುಳ್ಳು. ತಿನ್ನೋದಾದ್ರೆ ಹೀಗೆ, ಉಸಿರು ಕಟ್ಟುವಷ್ಟು, ನಡುಮಧ್ಯಾಹ್ನ, ಕೋಲಾ ಜೊತೆ ತಿನ್ನಬೇಕು ಅನ್ನೋದು ಇನ್ನೂ ದೊಡ್ಡ ಸುಳ್ಳು. ಜಗತ್ತಿನಲ್ಲಿ ಎಲ್ಲೆಲ್ಲಿ ಜನ ಮಾಂಸ ಸುಟ್ಟು ತಿಂದರೋ ಅಲ್ಲೆಲ್ಲ ಅದೇ ತಟ್ಟೆಯಲ್ಲಿ ಅದಕ್ಕೊಂದು ಮದ್ದನ್ನೂ ಇಟ್ಟುಕೊಂಡರು. ನಾವು ಕೆಂಡ ಮಾತ್ರ ಹೊತ್ತು ತಂದೆವು. ಮದ್ದು ಅಲ್ಲೇ ಉಳೀತು. ನನ್ನ ತಕರಾರು ಇಷ್ಟೇ.

ಮೊದಲು ಕೈಮುಗಿದವರ ವಿಚಾರ ನೋಡೋಣ. 'ನಮ್ಮ ಹಿರಿಯರು' ಅಂತೀರಲ್ಲ, ಯಾರ ಹಿರಿಯರು ಸ್ವಾಮಿ? ನಮ್ಮದು ಮಂಡ್ಯದ ಕಡೆ. ಅಲ್ಲಿ ಯುಗಾದಿ ದಿನ ಒಬ್ಬಟ್ಟು, ಮಾರನೇ ದಿನ ಹೊಸತೊಡಕು. ಹೊಸತೊಡಕು ಅಂದರೆ ಮಾಂಸದೂಟ. ಬೆಳಗಿನ ಜಾವಕ್ಕೇ ಅಂಗಡಿ ಮುಂದೆ ಸಾಲು ನಿಲ್ಲುತ್ತೆ. ಯುಗಾದಿ ಬರೋದು ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ. ಅಂದರೆ ಸುಡು ಬೇಸಿಗೆಯಲ್ಲಿ. ಮಾರಮ್ಮನ ಹಬ್ಬಗಳು ಎಷ್ಟೋ ಊರುಗಳಲ್ಲಿ ಬೇಸಿಗೆಯಲ್ಲೇ ನಡೆಯೋದು. ಮರಿ ಕಡಿದಾಗ ತಲೆಕಾಲನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಕೆರೆದು, ಮಾರನೇ ದಿನ ಸಾರು ಮಾಡ್ತಾರೆ. ನಾಟಿ ಕೋಳಿ ತಂದರೆ ಪುಕ್ಕ ಕಿತ್ತು, ಅರಿಶಿನ ಸವರಿ, ಹುಲ್ಲಿನ ಉರಿಯಲ್ಲಿ ಸುಟ್ಟೇ ಕೊಯ್ಯೋದು. ಈ ಜನ ಯಾರಿಗೂ ಹಿರಿಯರಲ್ಲವೇನು?

ಅದೇ ಹಬ್ಬದಲ್ಲಿ ಇನ್ನೊಂದು ಸಂಗತಿ ಗಮನಿಸಿ. ಮಾರಮ್ಮನಿಗೆ ಮೊದಲು ಹೋಗೋದು ತಂಬಿಟ್ಟಿನ ಆರತಿ. ಎಷ್ಟೋ ಊರಲ್ಲಿ ಮೊಸರನ್ನದ ಎಡೆ. ದೇವಿಯನ್ನು ತಂಪು ಮಾಡಿ ಆಮೇಲೆ ಮಾಂಸದ ಮಾತು. ಬೇಸಿಗೆಯಲ್ಲಿ ಮಾಂಸ ಬೇಡ ಅಂತ ಆ ಜನ ಹೇಳಲಿಲ್ಲ. ಬೇಸಿಗೆಯಲ್ಲಿ ತಂಪು ಮೊದಲು ಅಂದರು. ಆ ಎರಡು ಮಾತಿನ ನಡುವೆ ಇರುವ ದೂರವನ್ನು ವಾಟ್ಸಾಪು ನುಂಗಿ ಹಾಕಿದೆ.

ಹಾಗಾದರೆ ಈ 'ಉಷ್ಣ' ಪೂರ್ತಿ ಕಟ್ಟುಕಥೆಯಾ? ಪೂರ್ತಿ ಅಲ್ಲ. ಲೆಕ್ಕ ಹಾಕೋಣ, ನಾವೆಲ್ಲ ಎಕ್ಸೆಲ್ ಶೀಟಿನ ಮಕ್ಕಳು ತಾನೇ. ಏನೇ ತಿಂದರೂ ಅದನ್ನು ಅರಗಿಸೋಕೆ ದೇಹ ಒಂದಿಷ್ಟು ಶಕ್ತಿ ಖರ್ಚು ಮಾಡುತ್ತೆ, ಅದು ಶಾಖವಾಗಿ ಹೊರಗೆ ಬರುತ್ತೆ. ಕೊಬ್ಬಿನಲ್ಲಿ ಈ ಖರ್ಚು ನೂರಕ್ಕೆ ಮೂರರ ಒಳಗೆ. ಅನ್ನ, ರೊಟ್ಟಿಯಂಥ ಪಿಷ್ಟದಲ್ಲಿ ಐದರಿಂದ ಹತ್ತು. ಪ್ರೋಟೀನಿನಲ್ಲಿ ಮಾತ್ರ ಇಪ್ಪತ್ತರಿಂದ ಮೂವತ್ತು. ಅಜ್ಜಿಯರು 'ಕೋಳಿ ಉಷ್ಣ' ಅಂದಾಗ ಅವರ ಮಾತಿನಲ್ಲಿ ಇಷ್ಟು ಸತ್ಯ ಇತ್ತು.

ಆದರೆ ಎಷ್ಟು ಉಷ್ಣ? 150 ಗ್ರಾಂ ಬೆಂದ ಕೋಳಿ ಎದೆಮಾಂಸದಲ್ಲಿ ಸುಮಾರು 45 ಗ್ರಾಂ ಪ್ರೋಟೀನ್ ಇರುತ್ತೆ. ಅಂದರೆ 180 ಕ್ಯಾಲೊರಿ. ಅದನ್ನು ಅರಗಿಸುವಾಗ ಹುಟ್ಟುವ ಶಾಖ 36ರಿಂದ 54 ಕ್ಯಾಲೊರಿ. ಒಂದು ಲೀಟರ್ ಬೆವರು ಮೈಮೇಲೆ ಆರುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತೆ. ಭಾಗಿಸಿ ನೋಡಿ. ನಿಮ್ಮ ಕೋಳಿಯ ಉಷ್ಣ ಇಳಿಯೋಕೆ ಬೇಕಾದ್ದು ನೂರು ಮಿಲಿಲೀಟರಿಗಿಂತ ಕಡಿಮೆ ಬೆವರು, ಅರ್ಧ ಲೋಟ. ಒಂದು ಲೋಟ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿದರೆ ಸಾಲ ತೀರಿಸಿ ಮೇಲೆ ಬಡ್ಡಿಯನ್ನೂ ಕೊಟ್ಟ ಹಾಗಾಯ್ತು. ಮೈ ಬಿಸಿ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತೆ. ಹಿತಮಿತವಾಗಿ ತಿಂದವನ ಪಿತ್ತ ಕೆರಳೋದು ಆ ಮೆಸೇಜು ಓದಿದಾಗ ಮಾತ್ರ.

ಈಗ ಅದೇ ಲೆಕ್ಕವನ್ನು ಅನ್‌ಲಿಮಿಟೆಡ್ ಟೇಬಲ್ಲಿಗೆ ಹಾಕಿ. 600 ಗ್ರಾಂ ಮಾಂಸ ಆ ಟೇಬಲ್ಲಿನಲ್ಲಿ ದೊಡ್ಡ ಮಾತೇನಲ್ಲ. ಕಡ್ಡಿ ಮೇಲೆ ಕಡ್ಡಿ ಬರ್ತಾನೇ ಇರುತ್ತೆ, ಆಮೇಲೆ ಬಿರಿಯಾನಿ. ಅರಗಿಸುವ ಶಾಖಕ್ಕೇ ಕಾಲು ಲೀಟರಿಗಿಂತ ಹೆಚ್ಚು ಬೆವರು ಬೇಕು. ಮಸಾಲೆಯ ಉಪ್ಪು ಬೇರೆ ನೀರು ಕೇಳುತ್ತೆ. ನೀರಿನ ಜಾಗದಲ್ಲಿ ನೀವು ಬಿಯರ್ ಕುಡೀತೀರಿ, ಅದು ಇದ್ದ ನೀರನ್ನೂ ಮೂತ್ರದಲ್ಲಿ ಹೊರಗೆ ಕಳಿಸುತ್ತೆ. ಯೂರಿಕ್ ಆಸಿಡ್ ಇರುವವರಿಗೆ ಮಾಂಸ, ಬಿಯರ್, ನೀರಿನ ಕೊರತೆ ಮೂರೂ ಒಟ್ಟಿಗೆ ಬಿದ್ದರೆ ಹೆಬ್ಬೆರಳಿನ ಗಂಟು ಏನು ಹೇಳುತ್ತೆ ಅಂತ ನಿಮ್ಮ ಟೀಮಿನಲ್ಲೇ ಯಾರಾದರೊಬ್ಬರು ಹೇಳಿಯಾರು. ಇಷ್ಟೆಲ್ಲ ನಡೆಯೋದು ಮಧ್ಯಾಹ್ನ ಒಂದಕ್ಕೆ. ಮೂರಕ್ಕೆ ಮತ್ತೆ ಮೀಟಿಂಗು, ಕ್ಯಾಮೆರಾ ಆಫ್, ಅರ್ಧ ಟೀಮು ನಿದ್ದೆ. ಇದೇ ಊರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. 'ನಮ್ಮೂರು ತಂಪು ಗುರೂ' ಅನ್ನೋ ಜಂಬ ಇನ್ನೂ ಬಿಟ್ಟಿಲ್ಲ ನಾವು.

ಅನ್‌ಲಿಮಿಟೆಡ್ ಅನ್ನೋ ಪದದಲ್ಲೇ ಮೋಸ ಇದೆ. ತಟ್ಟೆಗೆ ಇಷ್ಟು ಅಂತ ಬೆಲೆ ಇದ್ದಾಗ ನೀವು ಹಸಿವನ್ನು ಕೇಳಿ ಆರ್ಡರ್ ಮಾಡ್ತೀರಿ. ತಲೆಗೆ ಇಷ್ಟು ಅಂತ ಇದ್ದಾಗ ಬಿಲ್ಲನ್ನು ಕೇಳಿ ತಿಂತೀರಿ. 'ದುಡ್ಡು ವಸೂಲಾಗಬೇಕು ಕಣೋ' ಅನ್ನೋ ಮಾತು ಬಂದ ಕ್ಷಣದಿಂದ ನಾಲಗೆಗೆ ಕೆಲಸ ಇಲ್ಲ. ಹೋಟೆಲ್ಲಿನವನಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಮೊದಲ ಹತ್ತು ನಿಮಿಷದಲ್ಲಿ ಎಣ್ಣೆಯಲ್ಲಿ ಕರಿದ ಜೋಳ, ಆಲೂಗೆಡ್ಡೆ ತಂದು ಸುರಿಯೋದು. ಅಗ್ಗದ ಪಿಷ್ಟದಲ್ಲಿ ಹೊಟ್ಟೆ ತುಂಬಿಸಿದ ಮೇಲೆ ಮೀನು ಬರುತ್ತೆ. ಶುದ್ಧ ಸಸ್ಯಾಹಾರಿಗಳು ಇಲ್ಲಿ ಬೀಗಬೇಕಾಗಿಲ್ಲ. ನಿಮ್ಮ 'ವೆಜ್ ಗ್ರಿಲ್' ಅಂದರೆ ಕ್ರೀಮಿನಲ್ಲಿ ಅದ್ದಿದ ಪನೀರು, ಕರಿದ ಜೋಳ, ಸಕ್ಕರೆ ಸವರಿದ ಅನಾನಸ್. ಬೇಸಿಗೆಗೆ ಅದು ಕೋಳಿಗಿಂತ ತಂಪೇನೂ ಅಲ್ಲ.

ಇನ್ನು ಕರಕಲಿನ ವಿಷಯ. ಮಾಂಸವನ್ನು ಜೋರು ಉರಿಯಲ್ಲಿ ಕಪ್ಪಗಾಗುವ ತನಕ ಸುಟ್ಟರೆ ಅದರೊಳಗೇ ಕೆಲವು ಕೆಟ್ಟ ರಾಸಾಯನಿಕಗಳು ಹುಟ್ಟುತ್ತವೆ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಎದ್ದ ಹೊಗೆ ಮತ್ತೆ ಮಾಂಸಕ್ಕೇ ಮೆತ್ತಿದಾಗ ಇನ್ನೊಂದು ಜಾತಿಯವು ಸೇರಿಕೊಳ್ಳುತ್ತವೆ. ಎರಡಕ್ಕೂ ಕ್ಯಾನ್ಸರಿಗೂ ನಂಟಿರಬಹುದು ಅಂತ ವಿಜ್ಞಾನಿಗಳು ಬಹಳ ಕಾಲದಿಂದ ಎಚ್ಚರಿಸುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜ್, ಬೇಕನ್ ಥರದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕೆಂಪು ಮಾಂಸವನ್ನು 'ತರಬಹುದು' ಅನ್ನುವ ಗುಂಪಿನಲ್ಲಿ ಇಟ್ಟಿತು. ಇದನ್ನು ಓದಿ ಕುರಿ ಮಾಂಸಕ್ಕೆ ತಿಲಾಂಜಲಿ ಕೊಡಿ ಅಂತ ನಾನು ಹೇಳಲ್ಲ. ಯಾವಾಗಲೋ ಒಮ್ಮೆ ತಿನ್ನುವವನ ಪ್ರಶ್ನೆ ಬೇರೆ, ವಾರಕ್ಕೆರಡು ಸಲ ಕಪ್ಪು ಅಂಚನ್ನೇ 'ಸ್ಮೋಕಿ' ಅಂತ ಚಪ್ಪರಿಸುವವನ ಪ್ರಶ್ನೆ ಬೇರೆ. ಕಡ್ಡಿಯನ್ನು ಆಗಾಗ ತಿರುಗಿಸಿ, ಕಪ್ಪಾದದ್ದನ್ನು ಕೆರೆದು ತೆಗೀರಿ. ಮೊದಲೇ ಹುಳಿ ಮಸಾಲೆಯಲ್ಲಿ ನೆನೆಸಿಟ್ಟರೂ ಈ ಕಾಟ ಒಂದಿಷ್ಟು ಕಡಿಮೆಯಾಗುತ್ತೆ.

ಈಗ ಮದ್ದಿನ ವಿಚಾರಕ್ಕೆ ಬರ್ತೀನಿ. ಬಾರ್ಬೆಕ್ಯೂ ಅಂತ ಜಗತ್ತಿಗೆ ಪದ ಹಂಚಿದ್ದು ಕೆರಿಬಿಯನ್ ದ್ವೀಪಗಳ ಟೈನೊ ಜನ. ಅವರ ಪದ ಸ್ಪ್ಯಾನಿಷ್ ಬಾಯಲ್ಲಿ 'ಬಾರ್ಬಕೋವಾ' ಆಗಿ, ಇಂಗ್ಲಿಷಿಗೆ ಬಂದು, ಕೊನೆಗೆ ನಮ್ಮ ಕೋರಮಂಗಲಕ್ಕೂ ಬಂತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ದೊಡ್ಡ ಕಲೆಯಾಗಿ ಬೆಳೆದದ್ದರ ಹಿಂದೆ ರಾತ್ರಿಯಿಡೀ ಗುಂಡಿಯ ಬಳಿ ನಿಂತು ಬೆಂಕಿ ಕಾದ ಕಪ್ಪು ಜನರ, ಗುಲಾಮರ ಬೆವರಿದೆ. ಆ ಸೀಮೆಯೂ ಸುಡುಬಿಸಿಲಿನದ್ದೇ. ಆ ಜನ ಹೇಗೆ ತಿಂದರು ನೋಡಿ.

ಉತ್ತರ ಕ್ಯಾರೊಲಿನಾದ ಪೂರ್ವ ಭಾಗದಲ್ಲಿ ಇಡೀ ಹಂದಿಯನ್ನು ನಿಧಾನ ಕೆಂಡದ ಮೇಲೆ ಗಂಟೆಗಟ್ಟಲೆ ಬೇಯಿಸಿ, ಕೊಚ್ಚಿ, ವಿನೆಗರ್ ಮತ್ತು ಕೆಂಪು ಮೆಣಸಿನ ತೆಳ್ಳನೆ ನೀರು ಹಾಕ್ತಾರೆ. ಟೊಮೆಟೊ ಇಲ್ಲ, ಜೊತೆಗೆ ಹಸಿ ಎಲೆಕೋಸಿನ ಪಲ್ಯ, ನಮ್ಮ ಕೋಸಂಬರಿಯ ದೂರದ ನೆಂಟ. ದಕ್ಷಿಣ ಕ್ಯಾರೊಲಿನಾದ ನಡುಭಾಗದಲ್ಲಿ ಜರ್ಮನಿಯಿಂದ ಬಂದು ನೆಲೆಸಿದವರ ಪ್ರಭಾವದಿಂದ ಸಾಸಿವೆಯ ಹಳದಿ ಸಾಸು. ಅದರಲ್ಲೂ ವಿನೆಗರ್. ಅಲಬಾಮಾದ ಉತ್ತರದಲ್ಲಿ ಹೊಗೆಯಲ್ಲಿ ಬೆಂದ ಕೋಳಿಗೆ ಬಿಳಿ ಸಾಸು. ಅದರಲ್ಲೂ ಮತ್ತೆ ವಿನೆಗರ್. ಕೆಂಟಕಿಯ ಓವೆನ್ಸ್‌ಬರೊದಲ್ಲಿ ಕುರಿ ಮಾಂಸ, ಅದಕ್ಕೆ ಕಪ್ಪು ಹುಳಿ ನೀರು. ಟೆಕ್ಸಾಸಿನ ನಡುಭಾಗದಲ್ಲಿ ಜರ್ಮನ್, ಚೆಕ್ ಕಟುಕರ ಅಂಗಡಿಗಳಿಂದ ಹುಟ್ಟಿದ ದನದ ಎದೆಮಾಂಸಕ್ಕೆ ಉಪ್ಪು, ಕರಿಮೆಣಸು ಬಿಟ್ಟರೆ ಬೇರೇನೂ ಸವರಲ್ಲ. ಅದನ್ನು ಕಾಗದದ ಮೇಲೆ ಹಸಿ ಈರುಳ್ಳಿ, ಹುಳಿ ಹಿಡಿಸಿದ ಸೌತೆಕಾಯಿ ಜೊತೆ ಕೊಡ್ತಾರೆ. ಇಷ್ಟು ಊರಿನಲ್ಲಿ ಸಾಮಾನ್ಯವಾದ ಪದಾರ್ಥ ಯಾವುದು? ಮಾಂಸ ಊರಿಗೊಂದು ಥರ. ಹುಳಿ ಎಲ್ಲ ಕಡೆ ಇದೆ.

ನಮ್ಮ ಸೂಪರ್‌ಮಾರ್ಕೆಟಿಗೆ ಬಂದಿದ್ದು ಇವ್ಯಾವುವೂ ಅಲ್ಲ. ಬಂದಿದ್ದು ಕಾನ್ಸಸ್ ಸಿಟಿಯ ದಪ್ಪ, ಸಿಹಿ, ಟೊಮೆಟೊ ಮತ್ತು ಕಾಕಂಬಿಯ ಸಾಸಿನ ಬಾಟಲಿ ಅವತಾರ. ಬಾಟಲಿ ತಿರುಗಿಸಿ ಹಿಂದಿನ ಚೀಟಿ ಓದಿ. ಸಾಮಾನ್ಯವಾಗಿ ಮೊದಲ ಎರಡು ಮೂರು ಹೆಸರುಗಳಲ್ಲೇ ಸಕ್ಕರೆ ಸಿಗುತ್ತೆ. ಕಾನ್ಸಸ್ ಸಿಟಿಯವರ ಮೇಲೆ ನನಗೆ ಮುನಿಸಿಲ್ಲ. ಅದು ಅವರ ಸೀಮೆಯ ರುಚಿ. ಹತ್ತು ಸೀಮೆಗಳಲ್ಲಿ ಒಂದನ್ನು ಎತ್ತಿಕೊಂಡು, ಅದರ ಸಕ್ಕರೆಯನ್ನು ಮಾತ್ರ ಉಳಿಸಿಕೊಂಡು 'ಬಾರ್ಬೆಕ್ಯೂ ಫ್ಲೇವರ್' ಅಂತ ಚಿಪ್ಸಿನ ಪೊಟ್ಟಣದಿಂದ ಹಿಡಿದು ಪಿಜ್ಜಾ ತನಕ ಬಳಿದರಲ್ಲ, ಸಿಟ್ಟು ಅದಕ್ಕೆ.

ಪೂರ್ವಕ್ಕೆ ಬನ್ನಿ. ಟರ್ಕಿಯಲ್ಲಿ ಕಬಾಬ್ ಜೊತೆ ಸುಮಾಕ್ ಅನ್ನೋ ಹುಳಿ ಪುಡಿ ಉದುರಿಸಿದ ಹಸಿ ಈರುಳ್ಳಿ, ಕುಡಿಯೋಕೆ ಐರಾನ್. ಐರಾನ್ ಅಂದರೆ ಉಪ್ಪು ಹಾಕಿದ ಮಜ್ಜಿಗೆ, ಬೇರೇನಲ್ಲ. ಇರಾನಿನಲ್ಲಿ ಕಬಾಬ್ ಜೊತೆ ದೂಗ್, ಅದೂ ಮಜ್ಜಿಗೆಯೇ, ಪುದೀನ ಹಾಕಿದ್ದು. ಜೊತೆಗೊಂದು ತಟ್ಟೆ ಹಸಿ ಸೊಪ್ಪು. ಕೊರಿಯಾದಲ್ಲಿ ಮೇಜಿನ ಮೇಲೇ ಮಾಂಸ ಸುಡ್ತಾರೆ, ನಮ್ಮ ಹೋಟೆಲುಗಳ ಹಾಗೇ. ಆದರೆ ಒಂದೊಂದು ತುಂಡನ್ನೂ ಲೆಟಿಸ್ ಅಥವಾ ಪೆರಿಲ್ಲಾ ಎಲೆಯಲ್ಲಿ ಸುತ್ತಿ ಬಾಯಿಗಿಡ್ತಾರೆ. ಪಕ್ಕದಲ್ಲಿ ಹುಳಿ ಬಂದ ಕಿಮ್ಚಿ, ಕೊನೆಗೆ ಎಷ್ಟೋ ಸಲ ತಣ್ಣನೆ ಸಾರಿನಲ್ಲಿ ಅದ್ದಿದ ನೂಡಲ್ಸ್. ಅರ್ಜೆಂಟೀನಾದ ಅಸಾಡೊಗೆ ಚಿಮಿಚುರ್ರಿ, ಸೊಪ್ಪು ಬೆಳ್ಳುಳ್ಳಿ ವಿನೆಗರಿನ ಹಸಿ ಚಟ್ನಿ. ಭಾಷೆ ಬೇರೆ, ದೇವರು ಬೇರೆ, ಪ್ರಾಣಿ ಬೇರೆ. ತಟ್ಟೆಯ ಬುದ್ಧಿ ಒಂದೇ. ಕೊಬ್ಬಿಗೆ ಹುಳಿ, ಕೆಂಡಕ್ಕೆ ಹಸಿ, ಉಪ್ಪಿಗೆ ನೀರು.

ಇದನ್ನು ಕಲಿಯೋಕೆ ವೀಸಾ ಬೇಕಾಗಿಲ್ಲ. ಕೊಡಗಿನವರನ್ನು ಕೇಳಿ. ಅವರ ಹಂದಿ ಮಾಂಸಕ್ಕೆ ಕಾಚಂಪುಳಿ ಇಲ್ಲದೆ ನಡೆಯಲ್ಲ. ಉಪ್ಪಾಗೆ ಹಣ್ಣಿನ ರಸ ಕುದಿಸಿ ಬತ್ತಿಸಿದ ಆ ಕಪ್ಪು ಹುಳಿ, ಕ್ಯಾರೊಲಿನಾದ ವಿನೆಗರು ಮಾಡುವ ಕೆಲಸವನ್ನೇ ಮಾಡೋದು. ಕರಾವಳಿಯಲ್ಲಿ ಕೆಂಡದಲ್ಲಿ ಸುಟ್ಟ ಒಣಮೀನು ಒಂದೇ ಒಂದು ತುಂಡು, ಅದರ ಜೊತೆ ತಟ್ಟೆ ತುಂಬ ಕುಚ್ಚಲಕ್ಕಿ ಗಂಜಿ. ಸೆಕೆಗೆ ಪುನರ್ಪುಳಿ ಶರಬತ್ತು. ಪ್ರಮಾಣ ನೋಡಿ, ಸುಟ್ಟದ್ದು ಚಿಟಿಕೆ, ನೀರು ಬಟ್ಟಲು. ಮಲೆನಾಡಿನಲ್ಲಿ ಬದನೆಕಾಯಿ ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಕಿವುಚಿ, ಮೊಸರಿಗೆ ಹಾಕ್ತಾರೆ. ಶಿವಾಜಿನಗರದ ಸಂದಿಯಲ್ಲಿ ಕಬ್ಬಿಣದ ಕಡ್ಡಿಯಿಂದ ಶೀಕ್ ಕಬಾಬ್ ಇಳಿಸಿ ಕೊಡುವವನೂ ಹಸಿ ಈರುಳ್ಳಿ, ಪುದೀನ ಚಟ್ನಿ, ನಿಂಬೆ ಹೋಳು ಇಡದೆ ತಟ್ಟೆ ಕೈಗೆ ಕೊಡಲ್ಲ. ಎರಡು ಕಡ್ಡಿ ತಿಂದರೆ ಎರಡು ಕಡ್ಡಿಯ ದುಡ್ಡು. ಅವನು ನಿಮಗೆ ಆರೋಗ್ಯದ ಭಾಷಣ ಮಾಡಲ್ಲ, ಆದರೆ ಅವನ ತಟ್ಟೆಯಲ್ಲಿರೋ ಆರೋಗ್ಯ ನಿಮ್ಮ ಏಸಿ ಹೋಟೆಲ್ಲಿನ ನಲವತ್ತು ಬಗೆಯ ಬಫೆಯಲ್ಲಿ ಇಲ್ಲ.

ಋತುವಿನ ಲೆಕ್ಕವೂ ಇತ್ತು. ಉತ್ತರ ಕರ್ನಾಟಕದಲ್ಲಿ ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಬೆಂಕಿಗೆ ಹಿಡಿದು, ಉಜ್ಜಿ, ಬಿಸಿಬಿಸಿ ಸೀತನಿ ತಿನ್ನೋದು ಚಳಿಗಾಲದಲ್ಲಿ, ಶೇಂಗಾ ಚಟ್ನಿ, ಮೊಸರಿನ ಜೊತೆ. ಅದೇ ಜೋಳ ಬೇಸಿಗೆಗೆ ಬಂದಾಗ ನುಚ್ಚು ಮಜ್ಜಿಗೆ ಆಗುತ್ತೆ, ಅಂಬಲಿ ಆಗುತ್ತೆ. ಧಾನ್ಯ ಒಂದೇ. ಚಳಿಗೆ ಬೆಂಕಿಯ ಪಕ್ಕ, ಬಿಸಿಲಿಗೆ ನೀರಿನ ಪಕ್ಕ. ಡಯಟಿಷಿಯನ್‌ಗೆ ಎರಡು ಸಾವಿರ ಕೊಟ್ಟು 'ಸೀಸನಲ್ ಈಟಿಂಗ್' ಅಂತ ಕೇಳಿಸಿಕೊಂಡು ಬರ್ತೀವಲ್ಲ, ಗದಗಿನ ರೈತನಿಗೆ ಅದು ಬಾಯಿಪಾಠ.

'ಕೊರಿಯಾದವರು ಬೇಸಿಗೆಯ ಅತಿ ಸೆಕೆಯ ದಿನವೇ ಕುದಿಯುವ ಕೋಳಿ ಸೂಪು ಕುಡೀತಾರೆ, ಅದಕ್ಕೇನಂತೀರಿ?' ಅಂತ ಯಾರಾದರೂ ಕೇಳ್ತಾರೆ. ಹೌದು, ಕುಡೀತಾರೆ. ಸಮ್‌ಗ್ಯೇತಾಂಗ್ ಅಂತ ಅದರ ಹೆಸರು. ಸೆಕೆಯನ್ನು ಸೆಕೆಯಿಂದಲೇ ಗೆಲ್ಲಬೇಕು ಅನ್ನೋದು ಅವರ ಮಾತು. ಅದಕ್ಕೆಂದೇ ಅವರ ಪಂಚಾಂಗದಲ್ಲಿ ಮೂರು ದಿನ ಗುರುತು ಮಾಡಿದ್ದಾರೆ. ಆದರೆ ಅದು ಒಬ್ಬರಿಗೆ ಒಂದು ಬಟ್ಟಲು, ಒಂದು ಪುಟ್ಟ ಕೋಳಿ, ಬಟ್ಟಲು ತುಂಬ ನೀರಿರುವ ಸೂಪು. ಅಲ್ಲಿ ಹಬ್ಬಕ್ಕೊಂದು ಅಳತೆ ಇದೆ. ನಮ್ಮ ಹೊಸತೊಡಕಿಗೂ ಇತ್ತು, ವರ್ಷಕ್ಕೆ ಒಂದು ದಿನ. ಹಬ್ಬವನ್ನು ಪ್ರತಿ ಗುರುವಾರದ ಆಫರ್ ಮಾಡಿದ ಮೇಲೆ ಅದು ಹಬ್ಬವಾಗಿ ಉಳಿಯಲ್ಲ, ಹೊಟ್ಟೆಗೆ ಹೊರೆಯಾಗುತ್ತೆ.

ಈ ಲೆಕ್ಕದಲ್ಲಿ ಯಾರೂ ಹೆಸರೆತ್ತದ ಒಬ್ಬ ಇದ್ದಾನೆ. ನಿಮ್ಮ ಟೇಬಲ್ಲಿನ ಗುಂಡಿಗೆ ಕೆಂಡದ ಪೆಟ್ಟಿಗೆ ತಂದಿಡೋ ಹುಡುಗ. ನಿಮ್ಮ ಕಡೆ ಏಸಿ 22ರಲ್ಲಿ ಇದೆ. ಅವನು ಆ ಬಾಗಿಲಿನಿಂದ ಈ ಬಾಗಿಲಿಗೆ ದಿನಕ್ಕೆ ನೂರು ಸಲ ಓಡಾಡ್ತಾನೆ. ಬಾಗಿಲಿನ ಆಚೆ ಒಲೆ ಮುಂದೆ ನಿಂತವನ ಕಡೆ ಎಷ್ಟು ಡಿಗ್ರಿ ಅಂತ ಯಾರೂ ಬೋರ್ಡು ಹಾಕಿಲ್ಲ. ಬೇಸಿಗೆಯ ಆರೋಗ್ಯ ಅಂತ ಮಾತಾಡುವಾಗ ನಾವು ನಮ್ಮ ಪಿತ್ತ, ನಮ್ಮ ತೂಕ, ನಮ್ಮ ಚರ್ಮದ ಹೊಳಪು ಅಷ್ಟನ್ನೇ ಮಾತಾಡ್ತೀವಿ. ಹದಿನೈದು ಸಲ 'ಇನ್ನೊಂದು ಪ್ರಾನ್ಸ್ ತಗೊಂಡ್ಬಾ' ಅಂದು, ಅರ್ಧ ತಿಂದು ಪಕ್ಕಕ್ಕೆ ತಳ್ಳಿದಾಗ, ಆ ಅರ್ಧಕ್ಕಾಗಿ ಒಬ್ಬ ಮನುಷ್ಯ ಉರಿಯ ಮುಂದೆ ನಿಂತಿದ್ದ ಅನ್ನೋದು ನೆನಪಿರಲಿ. ಅನ್‌ಲಿಮಿಟೆಡ್ ಅನ್ನೋ ಮಾತಿಗೆ ಒಂದು ಲಿಮಿಟ್ಟು ಇರೋದು ಅವನ ಮೈಯಲ್ಲಿ.

ಇನ್ನು ಅಪಾರ್ಟ್‌ಮೆಂಟ್ ಸಂಘದವರಿಗೆ ಎರಡು ಮಾತು. ನಾನಿದ್ದ ಒಂದು ಕಾಂಪ್ಲೆಕ್ಸಿನಲ್ಲಿ ಟೆರೇಸಿನ ಮೇಲೆ ಒಂದು ಮನೆಯವರು ಬಂಗುಡೆ ಸುಟ್ಟರು ಅಂತ ಮಾರನೇ ದಿನ ಲಿಫ್ಟಿನಲ್ಲಿ ನೋಟೀಸು ಬಂತು. 'ಬೇಸಿಗೆಯ ಆರೋಗ್ಯದ ಹಿತದೃಷ್ಟಿಯಿಂದ' ಟೆರೇಸಿನಲ್ಲಿ ಮಾಂಸಾಹಾರ ಸುಡುವುದನ್ನು ನಿಷೇಧಿಸಲಾಗಿದೆ. ಅದೇ ತಿಂಗಳು ಅದೇ ಸಂಘ ಮಕ್ಕಳ ಬೇಸಿಗೆ ಮೇಳ ಮಾಡಿ ಅದೇ ಟೆರೇಸಿನಲ್ಲಿ ಬಾಣಲೆ ಇಟ್ಟು ಜಿಲೇಬಿ, ಬೋಂಡ ಕರೀತು. ಕುದಿಯುವ ಎಣ್ಣೆಗೆ ಉಷ್ಣ ಇಲ್ಲವಂತೆ, ಮೀನಿಗೆ ಇದೆಯಂತೆ! ಬೆಂಕಿಯ ಅಪಾಯ ಅಂತ ಹೇಳಿ, ಒಪ್ಪೋಣ. ಹೊಗೆ ಮೇಲಿನ ಮನೆಯ ಆಸ್ತಮಾ ಇರುವವರಿಗೆ ತೊಂದರೆ ಅಂತ ಹೇಳಿ, ಜಾಗ ಬದಲಿಸೋಣ. ಆದರೆ ನಿಮಗೆ ಆಗದ ವಾಸನೆಗೆ ಆರೋಗ್ಯದ ಹೆಸರಿಡಬೇಡಿ. ಈ ನಾಡಿನಲ್ಲಿ ಅಡುಗೆಮನೆಯ ವಾಸನೆ ಹಿಡಿದು ಬಾಡಿಗೆ ಮನೆ ನಿರಾಕರಿಸೋದು ಮೊದಲಿಂದ ನಡೆದು ಬಂದಿದೆ. ಅದಕ್ಕೀಗ 'ವೆಲ್‌ನೆಸ್' ಅಂತ ಹೊಸ ಅಂಗಿ ತೊಡಿಸಿದ್ದಾರೆ, ಅಷ್ಟೇ.

ನಿಜವಾದ ಅಪಾಯದ ಬಗ್ಗೆ ಆ ನೋಟೀಸಿನಲ್ಲಿ ಒಂದಕ್ಷರ ಇರಲಿಲ್ಲ. ಅದನ್ನು ನಾನೇ ಹೇಳಿಬಿಡ್ತೀನಿ. ಮಸಾಲೆ ಹಚ್ಚಿದ ಮಾಂಸವನ್ನು ಹೊರಗಿಟ್ಟು ನೆನೆಸಬೇಡಿ, ಫ್ರಿಜ್ಜಿನಲ್ಲಿಡಿ. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳಿಗೆ ಜಾತ್ರೆ. ಹೊರಗೆ 32 ಡಿಗ್ರಿ ದಾಟಿದ್ದರೆ ಹಸಿಯಾಗಲಿ ಬೆಂದದ್ದಾಗಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಹಸಿ ಕೋಳಿ ಇದ್ದ ತಟ್ಟೆಗೆ ಸುಟ್ಟ ಕೋಳಿಯನ್ನು ವಾಪಸ್ ಹಾಕಬೇಡಿ. ಕೋಳಿ ಹೊರಗೆ ಕಪ್ಪಾಗಿದ್ದ ಮಾತ್ರಕ್ಕೆ ಒಳಗೆ ಬೆಂದಿದೆ ಅಂತಲ್ಲ, ನಡುಭಾಗ 74 ಡಿಗ್ರಿ ಮುಟ್ಟಬೇಕು. ಸೆಕೆ ಅಂತ ಇದ್ದಿಲ ಒಲೆಯನ್ನು ಏಸಿ ಹಾಕಿದ ಮುಚ್ಚಿದ ಕೋಣೆಗೆ ಮಾತ್ರ ಒಯ್ಯಲೇಬೇಡಿ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಅದು ನಿದ್ದೆಯಲ್ಲೇ ಕೊಲ್ಲುತ್ತೆ. ಬೇಸಿಗೆಯಲ್ಲಿ ಆಸ್ಪತ್ರೆಗೆ ಕಳಿಸೋದು ಇಂಥವು. ಪಿತ್ತದ ಮೆಸೇಜು ಕಳಿಸುವ ಬದಲು ಇದನ್ನು ಹತ್ತು ಜನಕ್ಕೆ ಕಳಿಸಿ, ಪುಣ್ಯ ಬರುತ್ತೆ.

'ಏನ್ರೀ, ತಿನ್ನೋ ಖುಷಿಯನ್ನೂ ಕಿತ್ಕೊಳ್ತೀರಾ?' ಅಂತ ಕೇಳಬೇಡಿ. ನಾನು ಖುಷಿಯ ಪರವಾಗೇ ಬರೀತಾ ಇರೋದು. ಹನ್ನೆರಡನೇ ಕಡ್ಡಿಯಲ್ಲಿ ಯಾವ ರುಚಿ ಇರುತ್ತೆ ಹೇಳಿ? ನಾಲಗೆ ಸತ್ತು ಅರ್ಧ ಗಂಟೆ ಆಗಿರುತ್ತೆ. ರುಚಿ ಇರೋದು ಮೊದಲ ಎರಡು ತುಂಡಿನಲ್ಲಿ, ಮಧ್ಯದಲ್ಲೊಂದು ಹಸಿ ಈರುಳ್ಳಿ ಕಡಿದು ಮತ್ತೆ ಬಾಯಿ ಹೊಸದಾದಾಗ ತಿನ್ನುವ ಮೂರನೆಯದರಲ್ಲಿ. ಹುಳಿ ಇರೋದೇ ಅದಕ್ಕೆ, ನಾಲಗೆಯನ್ನು ಮತ್ತೆ ಎಬ್ಬಿಸೋಕೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಟೀಮ್ ಲಂಚನ್ನು ಟೀಮ್ ಡಿನ್ನರ್ ಮಾಡಿ, ಸೂರ್ಯ ಮುಳುಗಿದ ಮೇಲೆ ಕೆಂಡದ ಮುಂದೆ ಕೂರೋಣ. ತಲೆಗಿಷ್ಟು ಅನ್ನೋ ಹೋಟೆಲನ್ನು ಬಿಟ್ಟು ತಟ್ಟೆಗಿಷ್ಟು ಅನ್ನೋ ಹೋಟೆಲಿಗೆ ಹೋಗೋಣ. ಒಬ್ಬರಿಗೆ ಅಂಗೈಯಗಲ ಮಾಂಸ, ಅದರ ಎರಡರಷ್ಟು ಸೌತೆಕಾಯಿ, ಈರುಳ್ಳಿ, ಕೋಸಂಬರಿ. ಬಾಟಲಿ ಸಾಸಿನ ಬದಲು ನಿಂಬೆಯೋ ಕಾಚಂಪುಳಿಯೋ ಪುನರ್ಪುಳಿಯೋ, ನಿಮ್ಮ ನಿಮ್ಮ ಊರಿನ ಹುಳಿ. ಮಾಂಸ ಬಿಟ್ಟವರಿಗೆ ಕೆಂಡದಲ್ಲಿ ಸುಟ್ಟ ಬದನೆಕಾಯಿ, ಮೊಸರು. ಬಿಯರ್ ಬೇಕಾದವರು ಕುಡೀಲಿ, ಆದರೆ ಮೊದಲ ಲೋಟ ಬಿಯರ್ ಆಗಿರಬಾರದು.

ಮುಂದಿನ ಸಲ ಟೇಬಲ್ಲಿಗೆ ಕೆಂಡದ ಪೆಟ್ಟಿಗೆ ಬಂದ ಕೂಡಲೇ ಮೆನು ಮುಚ್ಚಿಟ್ಟು, ಜೋರಾಗಿ ಕೇಳಿ, ಮಜ್ಜಿಗೆ ಇದೆಯಾ? ಇಲ್ಲ ಅಂತಾರೆ. ನಲವತ್ತು ಬಗೆ ಇರುತ್ತೆ, ಕುಲ್ಫಿ ಇರುತ್ತೆ, ಮೂರು ಬಣ್ಣದ ಮಾಕ್‌ಟೇಲ್ ಇರುತ್ತೆ, ಮಜ್ಜಿಗೆ ಇರಲ್ಲ. ಆಗ ಮ್ಯಾನೇಜರನ್ನು ಕರೆಸಿ ಮತ್ತೊಮ್ಮೆ ಕೇಳಿ. ಪಕ್ಕದ ಟೇಬಲ್ಲಿನವರಿಗೂ ಕೇಳಿಸುವ ಹಾಗೆ ಕೇಳಿ. ಬೆಂಗಳೂರಿನ ಹೋಟೆಲುಗಳು ಗಿರಾಕಿ ಕೇಳಿದ್ದನ್ನು ಎರಡು ವಾರದಲ್ಲಿ ಮೆನುವಿಗೆ ಸೇರಿಸ್ತವೆ. ಇಷ್ಟು ದಿನ ನಾವು ಕೇಳಿದ್ದು 'ಇನ್ನೂ ಒಂದು ಕಡ್ಡಿ' ಮಾತ್ರ. ಅದಕ್ಕೇ ಅವರು ಅದನ್ನಷ್ಟೇ ಕೊಡ್ತಿದ್ದಾರೆ.